‘ಬಂದೈತಿ’ ಅಂದರೆ ಏನು?

ಹೋದ ವಾರ ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋಗಿದ್ದೆ. ಸೇವಂತಿಗೆ, ಚೆಂಡುಹೂವು, ತುಳಸಿ ಎಲ್ಲದರ ವಾಸನೆಯನ್ನೂ ಸೀಳಿಕೊಂಡು ಪಕ್ಕದ ಗಲ್ಲಿಯಿಂದ ಇನ್ನೊಂದು ವಾಸನೆ ಬಂತು. ಮೋಟಾರ್ ರಿವೈಂಡಿಂಗ್ ಅಂಗಡಿಯವನು ತಾಮ್ರದ ಸುರುಳಿಗಳಿಗೆ ವಾರ್ನಿಶ್ ಹಾಕಿ ಕಾಯಿಸುತ್ತಿದ್ದ. ಹೂವಿನ ಪೊಟ್ಟಣ ಹಿಡಿದು ಅಲ್ಲೇ ನಿಂತುಬಿಟ್ಟೆ. ಹಿಂದಿನವರು ನೂಕಿದರು, ಒಬ್ಬ ಹೆಂಗಸು "ಅಹೋ ತಾಈ, ಚಲಾ ನಾ!" ಎಂದು ಗದರಿದಳು. ನಾನು ದಾದರಿನಲ್ಲಿ ಇದ್ದರೆ ತಾನೆ? ಮುಂಬಯಿ ಬಂದರಿನಲ್ಲಿ, ದಾರೂಖಾನಾದ ಹಡಗುಧಕ್ಕೆಯಲ್ಲಿ, ಒಂದು ಹಡಗಿನ ಹೊಟ್ಟೆಯೊಳಗೆ, ಬೆವರಿನಲ್ಲಿ ತೊಯ್ದು ಕೂತಿದ್ದೆ. ಜೀವನದಲ್ಲಿ ಅಷ್ಟು ಖುಷಿ ನಾನು ಬೇರೆಲ್ಲೂ ಪಟ್ಟಿಲ್ಲ.

ಕೆಲವು ವರ್ಷಗಳ ಹಿಂದಿನ ಬೇಸಿಗೆ ಅದು. ಆಗ ನಾನು ವಿಕ್ರೋಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಎಂಜಿನಿಯರ್ ಎನ್ನುವುದು ಗುರುತಿನ ಚೀಟಿಯ ಮೇಲೆ ಮಾತ್ರ. ನಿಜದಲ್ಲಿ ವೈರು ಎಳೆಯುವುದು, ಪ್ಯಾನೆಲ್ ಕಟ್ಟುವುದು, ಸಾಹೇಬರು ಬೈದರೆ ಬೈಸಿಕೊಳ್ಳುವುದು. ಕಟ್ಟಡಗಳ ಪಂಪು, ಪಂಪು, ಮತ್ತೆ ಪಂಪು. ಬೇಸತ್ತು ಹೋಗಿದ್ದ ನನಗೆ ಆ ವರ್ಷ ಒಂದು ಹಡಗು ಸಿಕ್ಕಿತು. ದೊಡ್ಡದೇನಲ್ಲ. ಲಂಗರು ಹಾಕಿದ ದೊಡ್ಡ ಹಡಗುಗಳಿಗೆ ಸಾಮಾನು ಮುಟ್ಟಿಸುವ, ಆಗೀಗ ಕೊಂಕಣದ ಬಂದರುಗಳ ತನಕ ಹೋಗಿಬರುವ ಕಬ್ಬಿಣದ ಸರಕು ದೋಣಿ. ಆದರೆ ನಾನು ಮನೆಯಲ್ಲಿ, ಲೋಕಲ್ ರೈಲಿನಲ್ಲಿ, ಕಂಡಕಂಡವರ ಮುಂದೆ ‘ನಮ್ಮ ಹಡಗು’ ಎಂದೇ ಹೇಳಿಕೊಂಡು ತಿರುಗಿದೆ. ಅದರ ಡೀಸೆಲ್ ಎಂಜಿನ್ನಿಗೆ ಜೊತೆಯಾಗಿ ಒಂದು ಎಲೆಕ್ಟ್ರಿಕ್ ಮೋಟಾರು, ಒಂದು ಕೋಣೆ ತುಂಬ ಬ್ಯಾಟರಿ ಕೂಡಿಸಿ ಅದನ್ನು ಹೈಬ್ರಿಡ್ ಮಾಡಬೇಕಿತ್ತು.

ಹಾಗೆಂದರೇನು ಎಂದು ಅವ್ವ ಕೇಳಿದಳು. ನಾನು ಉತ್ಸಾಹದಿಂದ ಅರ್ಧ ತಾಸು ವಿವರಿಸಿದೆ. ಡೀಸೆಲ್ ಎಂಜಿನ್ನು ತೆರೆದ ಸಮುದ್ರದಲ್ಲಿ ಒಂದೇ ವೇಗದಲ್ಲಿ ಓಡುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಬಂದರಿನೊಳಗೆ ನಿಂತು, ತೆವಳಿ, ಮತ್ತೆ ನಿಂತು ಹೋಗುವಾಗ ಎಣ್ಣೆ ಕುಡಿದು ಹೊಗೆ ಉಗುಳುತ್ತದೆ. ಅದಕ್ಕೇ ಬಂದರಿನೊಳಗೆ ಬ್ಯಾಟರಿ ಮೋಟಾರು, ಹೊರಗೆ ಹೋದಮೇಲೆ ಡೀಸೆಲ್. ಓಡುತ್ತ ಓಡುತ್ತಲೇ ಡೀಸೆಲ್ಲು ಬ್ಯಾಟರಿಯನ್ನೂ ತುಂಬುತ್ತದೆ. ಅವ್ವ ತಟ್ಟುತ್ತಿದ್ದ ಜೋಳದ ರೊಟ್ಟಿಯಿಂದ ತಲೆ ಎತ್ತದೆ ಹೇಳಿದಳು: "ಅಂದ್ರ ಒಲಿ ಒಂದ ಹದಕ್ಕ ಉರೀಬೇಕು. ಸಣ್ಣ ಮಾಡಿದ್ರ ಹೊಗಿ ಬೀಳತೈತಿ. ಅಷ್ಟ ಹೌದಲ್ಲ?" ಅಷ್ಟೇ ಹೌದು. ನಾಲ್ಕು ವರ್ಷ ಓದಿದ್ದನ್ನು ಒಂದು ರೊಟ್ಟಿಯಲ್ಲಿ ಮುಗಿಸಿದಳು.

ನಾವು ವಿಜಯಪುರದ ಕಡೆಯವರು. ಅಪ್ಪನ ನೌಕರಿಗಾಗಿ ಬಂದು ಮುಂಬಯಿಯ ಆಂಟಾಪ್ ಹಿಲ್ಲಿನಲ್ಲಿ ನೆಲೆ ನಿಂತವರು. ನಾನು ಹುಟ್ಟಿದ್ದು ಇಲ್ಲೇ ಆದರೂ ನಾಲಿಗೆ ಮಾತ್ರ ಅವ್ವನದು. ಹಡಗಿನ ಕೆಲಸಕ್ಕೆ ನನ್ನ ಮೇಲೆ ಹಿರಿಯರಾಗಿ ಇದ್ದವರು ಉಡುಪಿ ಕಡೆಯ ಶ್ರೀಧರ ಕಾಕಾ. ಅರವತ್ತು ದಾಟಿದ್ದ ಅವರು ಪ್ರಾಯದಲ್ಲಿ ನೌಕಾಸೇನೆಯ ಸಬ್‌ಮರೀನಿನಲ್ಲಿ ಮೋಟಾರು, ಬ್ಯಾಟರಿಗಳ ಕೆಲಸ ಮಾಡಿದವರು. ನಮ್ಮ ಸಾಹೇಬರು ಹೈಬ್ರಿಡ್ಡನ್ನು ತಾವೇ ಕಂಡುಹಿಡಿದವರ ಹಾಗೆ ಮಾತಾಡಿದಾಗಲೆಲ್ಲ ಕಾಕಾ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು.

"ಮೇಲೆ ಬಂದಾಗ ಡೀಸೆಲ್, ಮುಳುಗಿದ ಮೇಲೆ ಬ್ಯಾಟರಿ. ನಾವು ಎಷ್ಟು ವರ್ಷ ಇದನ್ನೇ ಮಾಡಿದ್ದು ಗೊತ್ತುಂಟಾ? ಇವರಿಗೆ ಈಗ ಹೊಸತು ಮಾರಾಯ್ತಿ!"

"ನೀರೊಳಗ ಹೋಗೂವಾಗ ಹೆಂಗ ಅನಸ್ತಿತ್ತ್ರಿ ಕಾಕಾ?" ಎಂದು ನಾನು ಕೆದಕುತ್ತಿದ್ದೆ.

"ಎಂತ ಅನಿಸುದು? ಡಬ್ಬಿ ಒಳಗೆ ಕೂತ ಹಾಗೆ. ಆ ಕೇಬಲ್ ಇಲ್ಲಿ ಕೊಡು."

ಹಡಗಿನ ಮಾಲೀಕರು ಕಛ್ ಕಡೆಯ ಒಬ್ಬ ಶೇಟ್. ಮಗ ಹೇಳಿದ್ದಕ್ಕೆ ಈ ಕೆಲಸಕ್ಕೆ ಒಪ್ಪಿದ್ದರೇ ಹೊರತು ಅವರಿಗೆ ಕಿಂಚಿತ್ತೂ ನಂಬಿಕೆ ಇರಲಿಲ್ಲ. ಎಂಜಿನ್ನು ಗುಡುಗಿದರೇನೇ ಅವರಿಗೆ ಹಡಗು ಓಡಿದ ಹಾಗೆ. ಮೊದಲ ದಿನವೇ ಷರತ್ತು ಹಾಕಿದರು: ಮಳೆಗಾಲಕ್ಕೆ ಸಮುದ್ರ ಮುಚ್ಚುವ ಮುಂಚೆ, ಧಕ್ಕೆಯಿಂದ ಲಂಗರಿನ ಜಾಗದ ತನಕ ಬರೀ ಕರೆಂಟಿನ ಮೇಲೆ ಹೋಗಿ ತೋರಿಸಬೇಕು. ಒಂದೇ ಅವಕಾಶ. ತಪ್ಪಿದರೆ ಮೋಟಾರನ್ನೂ ಬ್ಯಾಟರಿಯನ್ನೂ ಕಿತ್ತು ಧಕ್ಕೆಯ ಮೇಲೆ ಇಟ್ಟುಬಿಡುತ್ತಾರೆ. ಆ ಹಡಗಿನ ಒಂದೊಂದು ವೈರನ್ನೂ ನಾನು ಎಳೆದಿದ್ದೆ. ಅದನ್ನು ಯಾರಾದರೂ ಕೀಳುತ್ತಾರೆ ಎಂದು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಮಾರ್ಚಿನಿಂದ ಮೇ ತನಕ ನಾನು ಓಡಿದ್ದೇ ಓಡಿದ್ದು. ಜಿಟಿಬಿ ನಗರದಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿ ರೇ ರೋಡಿನಲ್ಲಿ ಇಳಿದು, ಹಳೆ ಹಡಗುಗಳ ತುಕ್ಕು ಕಬ್ಬಿಣ ರಾಶಿ ಹಾಕಿದ ಬೀದಿಗಳಲ್ಲಿ ಅರ್ಧ ನಡೆದು ಅರ್ಧ ಓಡಿ ದಾರೂಖಾನಾ ಮುಟ್ಟುತ್ತಿದ್ದೆ. ಹನ್ನೊಂದು ಗಂಟೆಗೆ ಡೆಕ್ಕಿನ ಮೇಲೆ ಕೈ ಊರಿದರೆ ಬೊಬ್ಬೆ ಬರುವಷ್ಟು ಬಿಸಿ. ಕೆಳಗಿನ ಎಂಜಿನ್ ಕೋಣೆಯಲ್ಲಿ ಹೊಸ ವಾರ್ನಿಶ್ಶು, ಹಳೇ ಡೀಸೆಲ್ಲು, ನಮ್ಮ ಬೆವರು ಮೂರೂ ಸೇರಿದ ಗಬ್ಬು. ಬೇರೆ ಯಾರಾದರೂ ಆಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಬೆಳಿಗ್ಗೆ ಏಣಿ ಇಳಿಯುವಾಗ ಅದನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ಮೋಟಾರು ಕೂತಿತು. ಬ್ಯಾಟರಿಗಳು ಸಾಲಾಗಿ ಕೂತವು. ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಬದಲಿಸಿಕೊಡುವ ಕನ್ವರ್ಟರ್ ಪೆಟ್ಟಿಗೆ ಗೋಡೆಗೆ ಏರಿತು. ಪರೀಕ್ಷೆಗೆ ಹನ್ನೆರಡು ದಿನ ಇರುವಾಗಲೇ ಎಲ್ಲ ಮುಗಿದ ಹಾಗೆ ಕಂಡಿತು.

ಅವತ್ತು ಧಕ್ಕೆಯಿಂದ ಹಡಗಿಗೆ ಬರುವ ಕರೆಂಟು ಬೆಳಗಿನಿಂದ ಹೋಗಿ ಬಂದು ಮಾಡುತ್ತಿತ್ತು. ನಾನು ಮೇಲೆ ಡೆಕ್ಕಿನ ಪ್ಯಾನೆಲ್ಲಿನ ಹತ್ತಿರ, ಕಾಕಾ ಕೆಳಗೆ, ಅದೇ ಕರೆಂಟು ಕೊಟ್ಟು ನೋಡುತ್ತಿದ್ದ ಕನ್ವರ್ಟರಿನ ಮುಂದೆ. ಕರೆಂಟು ಇಲ್ಲದ ಹೊತ್ತು ನೋಡಿ ಒಂದು ನಟ್ಟು ಬಿಗಿ ಮಾಡಬೇಕೆಂದು ಅವರು ಕಾಯುತ್ತಿದ್ದರು. ಕೆಳಗಿನಿಂದ ಕೂಗಿದರು, "ಕರೆಂಟ್ ಎಂತ ಆಯ್ತು?"

ಪ್ಯಾನೆಲ್ಲಿನ ದೀಪ ಆಗಷ್ಟೇ ಹತ್ತಿತ್ತು. ನಾನು ಬಗ್ಗಿ ಕೂಗಿದೆ, "ಬಂದೈತಿ ಕಾಕಾ!"

ಮರುಗಳಿಗೆಯಲ್ಲಿ ಪಟಾಕಿಯಂಥ ಸದ್ದು. ಏಣಿಯ ಬಾಯಿಂದ ಹೊಗೆ. ನಾನು ಮೇನ್ ಸ್ವಿಚ್ಚು ಎಳೆದು, ಏಣಿ ಇಳಿದೆನೋ ಬಿದ್ದೆನೋ ನೆನಪಿಲ್ಲ. ಕಾಕಾ ಗೋಡೆಗೆ ಒರಗಿ ಕೂತಿದ್ದರು. ಬಲಗೈಯ ಎರಡು ಬೆರಳು ಸುಟ್ಟಿದ್ದವು, ಜೀವಕ್ಕೆ ಏನೂ ಆಗಿರಲಿಲ್ಲ. ಕೈಯಲ್ಲಿದ್ದ, ನಟ್ಟು ತಿರುಗಿಸುವ ಪಾನಾದ ತುದಿ ಕರಗಿತ್ತು. ಕನ್ವರ್ಟರಿನ ಒಳಗೆ ಮೋಟಾರಿಗೆ ಕರೆಂಟು ಕೊಡುವ ಭಾಗವೊಂದು ಕಪ್ಪಾಗಿ ಒಡೆದಿತ್ತು.

"ಬಂದ್ ಉಂಟು ಅಂತ ಹೇಳಿದ್ದಲ್ವಾ ನೀನು?" ಎಂದರು ಕಾಕಾ. ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು.

"ಇಲ್ರಿ ಕಾಕಾ! ಬಂದೈತಿ ಅಂದೆ!"

"ಅದೇ ಅಲ್ವಾ ನಾನು ಹೇಳುದು?"

ಅವರ ಕಿವಿ ಮಂದವಾಗಿದೆ ಎಂದುಕೊಂಡೆ ನಾನು. ಹೆದರಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು ಅವರು. ಸಾಹೇಬರು ಬಂದು ನೋಡಿ, ಆ ಭಾಗ ಹೊರದೇಶದಿಂದ ಬರಲು ಆರು ವಾರ ಬೇಕು, ಶೇಟ್‌ಗೆ ನೀವೇ ಹೇಳಿ ಎಂದು ಹೊರಟುಹೋದರು. ನನ್ನನ್ನು ಮರಳಿ ವಿಕ್ರೋಳಿಗೆ, ಪಂಪುಗಳ ಪ್ಯಾನೆಲ್ಲಿಗೆ ಕಳಿಸುವ ಮಾತೂ ಬಂತು. ಎರಡು ದಿನ ನಾನೂ ಕಾಕಾನೂ ಒಂದೇ ಕೋಣೆಯಲ್ಲಿ ಮುಖ ತಿರುಗಿಸಿಕೊಂಡು ಕೆಲಸ ಮಾಡಿದೆವು. ಬ್ಯಾಂಡೇಜು ಸುತ್ತಿದ ಆ ಕೈ ಕಂಡಾಗಲೆಲ್ಲ ನನಗೆ ಅಳು ಬರುತ್ತಿತ್ತು. ಜೊತೆಗೇ, ಸುಳ್ಳಿ ಅಂದುಕೊಂಡರಲ್ಲ ಎಂದು ಮೈ ಉರಿಯುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಮನೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದೆ. ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವುದು ಬೆಳಿಗ್ಗೆ ಒಂದೇ ತಾಸು. ಪಕ್ಕದ ಮನೆಗೆ ಕುಂದಾಪುರದ ಸುಮತಿ ಆಂಟಿ ಹೊಸದಾಗಿ ಬಂದಿದ್ದರು. ಅವ್ವ ಬಾಗಿಲಲ್ಲಿ ನಿಂತು ಕೂಗಿದಳು, "ಸುಮತೀ, ನಳಾ ಬಂದೈತಿ ನೋಡವಾ!"

"ಅಯ್ಯೋ ದೇವ್ರೇ, ಇವತ್ತೂ ಬಂದಾ?" ಎಂದು ಆಂಟಿ ಕೊಡ ಹಿಡಿದು ಹೊರಬಂದರು. "ನಿನ್ನೆ ನೀವು ಬಂದ್ ಅಂದ್ರಿ ಅಂತ ನಾನು ಕೆಳಗೆ ಹೋಗಿ ತಂದದ್ದು. ದಿನಾ ಹೀಗೆ ಬಂದ್ ಆದ್ರೆ ಮಕ್ಕಳಿಗೆ ಸ್ನಾನ ಮಾಡಿಸುದು ಹೇಗೆ?"

"ಬಂದ್ ಅಲ್ಲವಾ, ಬಂದೈತಿ! ಒಳಗ ಹೋಗಿ ನೋಡು, ಭರ್ರ್ ಅಂತ ಬರಾಕತ್ತೈತಿ!"

ನನ್ನ ಕೈಯಿಂದ ಬಾಚಣಿಗೆ ಬಿತ್ತು. ಬಂದೈತಿ. ಬಂದ್ ಐತಿ. ಒಂದು ಬಂದಿದೆ, ಇನ್ನೊಂದು ನಿಂತಿದೆ. ನಮ್ಮ ಬಾಯಲ್ಲಿ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ! ಊರಿನಲ್ಲಿ ಮಾತಿನ ಹಿಂದುಮುಂದು ನೋಡಿ ತಿಳಿದುಕೊಳ್ಳುತ್ತಾರೆ. ಆದರೆ ಬೀಗ ಹಾಕಿದ ಅಂಗಡಿಯಿಂದ ಹಿಡಿದು ರಿಪೇರಿಗೆ ನಿಂತ ಲಿಫ್ಟಿನ ತನಕ ದಿನಕ್ಕೆ ನೂರು ಸಲ ಬಂದ್ ಬಂದ್ ಎಂದು ಕೇಳುವ ಈ ಮುಂಬಯಿಯಲ್ಲಿ, ನಲವತ್ತು ವರ್ಷ ಕಳೆದ ಉಡುಪಿಯ ಮನುಷ್ಯನಿಗೆ ಹಡಗಿನ ಮೇಲಿಂದ ‘ಬಂದೈತಿ’ ಎಂದು ಕೂಗಿದರೆ ಇನ್ನೇನು ಕೇಳಿಸಬೇಕು? ನಾನು ಹೇಳಿದ್ದೂ ನಿಜ, ಅವರು ಕೇಳಿದ್ದೂ ನಿಜ.

ಅರ್ಧ ಹೆಣೆದ ಜಡೆಯಲ್ಲೇ ಓಡಿದೆ. ಅವ್ವ ಹಿಂದಿನಿಂದ "ಊಟದ ಡಬ್ಬಿ!" ಎಂದು ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ದಾರೂಖಾನಾ ಮುಟ್ಟಿ, ಏಣಿಯ ಅರ್ಧದಿಂದಲೇ ನಳದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಒದರಿದೆ. ಕಾಕಾ ತುಟಿ ಅಲುಗಿಸಿ ಎರಡೂ ಮಾತನ್ನು ಮೆಲ್ಲಗೆ ತಾವೇ ಹೇಳಿ ನೋಡಿಕೊಂಡರು. ಆಮೇಲೆ ನಗಲು ಶುರುಮಾಡಿದರು ನೋಡಿ, ಬ್ಯಾಂಡೇಜಿನ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ.

"ನಿನ್ನ ಭಾಷೆಗೆ ಬೆಂಕಿ ಬೀಳ ಮಾರಾಯ್ತಿ!" ಎಂದರು. ನಗು ನಿಂತ ಮೇಲೆ ಗಂಭೀರವಾದರು. "ತಪ್ಪು ನನ್ನದೂ ಉಂಟು. ಟೆಸ್ಟರ್ ಇಡದೆ ಕೈ ಹಾಕಿದೆ. ಸಬ್‌ಮರೀನಲ್ಲಿ ಹಾಗೆ ಮಾಡಿದ್ದಿದ್ರೆ ನನ್ನನ್ನು ಅವತ್ತೇ ಇಳಿಸಿ ಬಿಡ್ತಿದ್ರು. ಅಲ್ಲಿ ಒಂದು ಮಾತು ಹೇಳಿದ್ರೆ ಕೇಳಿದವನು ಅದೇ ಮಾತು ತಿರುಗಿ ಹೇಳ್ಬೇಕು. ನಾವೂ ಹಾಗೇ ಮಾಡುವ."

ಮಾತು ಯಾವುದು ಎನ್ನುವುದಕ್ಕೆ ಅರ್ಧ ದಿನ ಚರ್ಚೆಯಾಯಿತು. ಚಾಲೂ ಬಂದ್ ಅಂತೂ ಬೇಡವೇ ಬೇಡ. ಆನ್ ಆಫ್ ಬೇಡ, ಗದ್ದಲದಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಕಡೆಗೆ ದೀಪದ ಮಾತು ಹಿಡಿದೆವು. ಕರೆಂಟು ಕೊಟ್ಟರೆ ‘ಹಚ್ಚೇನಿ’, ತೆಗೆದರೆ ‘ಆರಿಸೇನಿ’. ಕಾಕಾ ಬಾಯಲ್ಲಿ ನಮ್ಮ ಕಡೆಯ ಆ ಮಾತು ಕೇಳುವುದೇ ಒಂದು ಮೋಜು. ಬೇಕೆಂದೇ ಎಳೆದು "ಹಚ್ಚೇನೀಽಽ" ಎನ್ನುತ್ತಿದ್ದರು.

ಇನ್ನು ಒಂಬತ್ತು ದಿನ. ಸುಟ್ಟ ಭಾಗವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾನು ಲ್ಯಾಮಿಂಗ್ಟನ್ ರೋಡಿನ ಅಂಗಡಿ ಅಂಗಡಿ ಅಲೆದೆ. ಹೊಸದು ಯಾರ ಹತ್ತಿರವೂ ಇಲ್ಲ. ನಾಲ್ಕನೆಯ ದಿನ, ಮಹಡಿಯ ಮೇಲಿನ ಒಂದು ಇಕ್ಕಟ್ಟು ಅಂಗಡಿಯಲ್ಲಿ, ಯಾವುದೋ ಎತ್ತರದ ಕಟ್ಟಡದ ಹಳೇ ಲಿಫ್ಟಿನ ಪೆಟ್ಟಿಗೆಯಿಂದ ಕಳಚಿದ್ದು ಸಿಕ್ಕಿತು. ಅದೇ ಜಾತಿ, ಆದರೆ ತುಸು ಸಣ್ಣದು. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಬಿಸಿ ಆಗ್ತದೆ ಇದು. ಎಂಬತ್ತು ಡಿಗ್ರಿ ತನಕ ತಡೀಬಹುದು. ಅದರ ಮೇಲೆ ಹೋದ್ರೆ ಹೋಯ್ತು." ಅದರ ಬೆನ್ನಿಗೆ ಒಂದು ಫ್ಯಾನು ಜಾಸ್ತಿ ಕೂಡಿಸಿದೆವು. ಸುಟ್ಟ ಬೆರಳುಗಳಿಂದಾಗಿ ಕಾಕಾಗೆ ಸಣ್ಣ ಸ್ಕ್ರೂ ಹಿಡಿಯಲು ಆಗುತ್ತಿರಲಿಲ್ಲ. ಅವರು ಹೇಳುತ್ತ ಹೋದರು, ನನ್ನ ಕೈ ಮಾಡುತ್ತ ಹೋಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಆಕಾಶದಲ್ಲಿ ಆಗಲೇ ಕಪ್ಪು ಮೋಡ. ಎರಡೇ ದಿನದಲ್ಲಿ ಹಡಗುಗಳನ್ನು ಕಟ್ಟಿಹಾಕುತ್ತಾರೆ. ಶೇಟ್ ಬಿಳಿ ಬಟ್ಟೆಯಲ್ಲಿ ಬಂದು, ಯಾರ ಮುಖವನ್ನೂ ನೋಡದೆ ಕ್ಯಾಬಿನ್ನಿನಲ್ಲಿ ಚಹಾ ಹಿಡಿದು ಕೂತರು. ಕಿವಿಯಲ್ಲಿ ಫೋನು, ಯಾರ ಜೊತೆಗೋ ಜಗಳ. ನಾನು ಮೇಲಿನ ಪ್ಯಾನೆಲ್ಲಿನ ಕಡೆ ಹೊರಟಾಗ ಕಾಕಾ ತಡೆದರು.

"ಇವತ್ತು ನೀನು ಕೆಳಗೆ. ನಾನು ಮೇಲೆ."

"ಒಬ್ಬಾಕೀನ?" ಎಂದೆ.

"ಒಬ್ಬಳೇ. ಎಂಬತ್ತು ದಾಟಿದ್ರೆ ಕೇಳ್ಲಿಕ್ಕೆ ನಿಲ್ಬೇಡ, ಆರಿಸಿ ಬಿಡು."

ಮೊನ್ನೆ ಮೊನ್ನೆ ಅವರ ಕೈ ಸುಟ್ಟವಳು ನಾನು. ಎಂಜಿನ್ನು, ಮೋಟಾರು, ಬ್ಯಾಟರಿ ಎಲ್ಲ ನನ್ನ ಕೈಗೆ ಕೊಟ್ಟು ಹಿಂದಿರುಗಿಯೂ ನೋಡದೆ ಏಣಿ ಹತ್ತಿದರು.

ಡೀಸೆಲ್ಲಿನ ಮೇಲೆ ಹಗ್ಗ ಬಿಚ್ಚಿ, ಪಕ್ಕದ ದೋಣಿಗಳಿಂದ ಬಿಡಿಸಿಕೊಂಡೆವು. ಆಮೇಲೆ ಮೇಲಿಂದ ಆ ದನಿ ಬಂತು, "ಹಚ್ಚು!"

"ಹಚ್ಚೇನಿ!" ಎಂದು ಸ್ವಿಚ್ಚು ತಿರುಗಿಸಿದೆ. ಡೀಸೆಲ್ಲು ಕೆಮ್ಮಿ, ನಡುಗಿ, ನಿಂತಿತು. ಎಂಜಿನ್ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಎಂಥ ಮೌನವೆಂದರೆ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿಸಿತು. ಸೊಳ್ಳೆಯ ಗುಂಯ್‌ನಂಥ ಒಂದು ಸಣ್ಣ ದನಿ, ಫ್ಯಾನಿನ ಗಾಳಿ, ಅಷ್ಟೇ. ಕೆಟ್ಟಿತೇನೋ ಎಂದು ಬೆವತೆ. ಮೀಟರು ನೋಡಿದೆ, ಕರೆಂಟು ಹೋಗುತ್ತಿದೆ. ಶಾಫ್ಟಿನ ಮೇಲೆ ನಾನೇ ಬಳಿದಿದ್ದ ಕೆಂಪು ಗೆರೆ ನೋಡಿದೆ, ಸುತ್ತುತ್ತಿದೆ. ಆಗ ಕೇಳಿಸಿತು, ಕಬ್ಬಿಣದ ಆಚೆಗೆ ನೀರು ಹರಿಯುವ ಸದ್ದು. ಕೂತಲ್ಲೇ ಕುಣಿಯುವಂತಾಯಿತು.

ಕುಣಿಯಲು ಪುರಸೊತ್ತು ಎಲ್ಲಿ? ಲಿಫ್ಟಿನ ಆ ಭಾಗ ಬಿಸಿಯೇರುತ್ತಿತ್ತು. ಐವತ್ತು, ಅರವತ್ತು, ಎಪ್ಪತ್ತು. ಎಪ್ಪತ್ತಾರು ಆದಾಗ ನನ್ನ ಕೈ ಸ್ವಿಚ್ಚಿನ ಮೇಲೆ ಹೋಯಿತು. ಎಪ್ಪತ್ತೇಳು. ಎಪ್ಪತ್ತೆಂಟು. ನಿಲ್ಲು, ಅಲ್ಲೇ ನಿಲ್ಲು ಎಂದು ಬಾಯಿ ಬಿಟ್ಟು ಬೇಡಿಕೊಂಡೆ. ಎಪ್ಪತ್ತೆಂಟರ ಮೇಲೆ ಅದು ತೂಗಾಡಿತು, ತೂಗಾಡಿತು, ಮೇಲೆ ಹೋಗಲಿಲ್ಲ.

ಅಷ್ಟರಲ್ಲಿ ಏಣಿಯ ಮೇಲೆ ಬಿಳಿ ಬಟ್ಟೆ ಕಾಣಿಸಿತು. ಶೇಟ್ ಕೆಂಪು ಮುಖ ಮಾಡಿಕೊಂಡು ಇಳಿದು ಬಂದರು.

"ಆಧಾ ಘಂಟಾ ಹೋ ಗಯಾ, ಬೇಟಾ! ಎಂಜಿನ್ ಬಂದ್ ಕರ್ ಕೇ ಬೈಠೇ ಹೋ. ಮೋಟರ್ ಕಬ್ ಚಾಲೂ ಕರೋಗೆ?"

ಅರ್ಧ ಗಂಟೆ ಆಯಿತು, ಮೋಟಾರು ಯಾವಾಗ ಶುರುಮಾಡುತ್ತೀರಿ ಎಂದು ಕೇಳುತ್ತಿದ್ದಾರೆ! ಫೋನಿನ ಜಗಳದಲ್ಲಿ ಮುಳುಗಿದ್ದ ಆ ಮನುಷ್ಯನಿಗೆ, ಸದ್ದು ಇಲ್ಲದ್ದರಿಂದ ಹಡಗು ಹೊರಟದ್ದೇ ಗೊತ್ತಾಗಿರಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ. "ಚಾಲೂ ಹೈ, ಶೇಟ್" ಎಂದು ಕೆಂಪು ಗೆರೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅನುಮಾನದಿಂದ ಹಡಗಿನ ಗೋಡೆಗೆ ಅಂಗೈ ಒತ್ತಿದರು, ಆಮೇಲೆ ಕಿವಿ ಇಟ್ಟರು. "ಅರೇ!" ಎಂದವರೇ ಬಿಳಿ ಬಟ್ಟೆಗೆ ಗ್ರೀಸು ಮೆತ್ತಿದ್ದನ್ನೂ ಲೆಕ್ಕಿಸದೆ ಚಿಕ್ಕ ಹುಡುಗರ ಹಾಗೆ ಏಣಿ ಹತ್ತಿ ಓಡಿದರು. ಮೇಲಿನಿಂದ ಅವರ ದನಿ ಮತ್ತೆ ಮತ್ತೆ ಕೇಳಿಸಿತು. ಅರೇ ಧಕ್ಕಾ ಎಲ್ಲಿ, ಧಕ್ಕಾ ಎಲ್ಲಿ ಹೋಯಿತು ಎಂದು ಹಿಂದಿಯಲ್ಲಿ ಕೂಗುತ್ತಿದ್ದರು.

ಲಂಗರಿನ ಜಾಗ ಮುಟ್ಟಿ ಡೀಸೆಲ್ಲಿಗೆ ಬದಲಾದ ಮೇಲೆ ನಾನು ಮೇಲೆ ಬಂದೆ. ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಶೇಟ್ ನನ್ನ ತಲೆಯ ಮೇಲೆ ಕೈಯಿಟ್ಟು, ಈ ಮೋಟಾರನ್ನು ಕೀಳುವ ಧೈರ್ಯ ಯಾರಿಗಿದೆ ನೋಡುತ್ತೇನೆ ಎಂದರು, ಇಷ್ಟು ದಿನ ಕೀಳಲು ಬಂದವರು ನಾವೇ ಎಂಬಂತೆ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಪಕ್ಕದಲ್ಲಿ ಹಾದ ದೋಣಿಯ ಕುಕ್ಕರಿನ ಸೀಟಿ ಕೇಳಿಸಿತಂತೆ, ಹಕ್ಕಿಗಳು ಹೆದರದೆ ಹಗ್ಗದ ಮೇಲೇ ಕೂತಿದ್ದವಂತೆ. ನಾನೊಬ್ಬಳೇ ಏನೂ ನೋಡಿರಲಿಲ್ಲ. ಮೆಲ್ಲಗೆ ಅವರ ನಡುವಿನಿಂದ ಸರಿದು ಮುಂದೆ ನಡೆದೆ.

ಕಾಕಾ ಹಡಗಿನ ಮೂತಿಯ ಹತ್ತಿರ ಒಬ್ಬರೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ನೀವಾದ್ರೂ ನೋಡಿದ್ರಲ್ರಿ, ನಾ ಏನೂ ನೋಡಲಿಲ್ಲ" ಎಂದೆ.

"ಸಬ್‌ಮರೀನಲ್ಲಿ ಹದಿನಾರು ವರ್ಷ ನಾನೂ ಕೆಳಗೇ ಇದ್ದದ್ದು ಮಾರಾಯ್ತಿ" ಎಂದರು ಅವರು. "ಮೋಟಾರ್ ತಿರುಗಿಸಿದ್ದು ನಾನು. ಅದು ನೀರಲ್ಲಿ ಹೇಗೆ ಹೋಗ್ತದೆ ಅಂತ ಒಂದು ದಿನ ನೋಡ್ಲಿಲ್ಲ. ಇವತ್ತು ನೋಡಿದೆ." ನನ್ನ ಕೈಯಿಂದ ಟೆಸ್ಟರು ತೆಗೆದುಕೊಂಡರು. "ನೀನು ಅಷ್ಟು ವರ್ಷ ಕಾಯುದು ಬೇಡ. ವಾಪಸ್ ಹೋಗುವಾಗ ಇಲ್ಲೇ ನಿಲ್ಲು. ಕೆಳಗೆ ನಾನು ಹೋಗ್ತೇನೆ."

ಬೇಡವೆನ್ನುವ ಮೊದಲೇ ಏಣಿ ಇಳಿದರು. ಡೀಸೆಲ್ಲು ಬ್ಯಾಟರಿ ತುಂಬುತ್ತ ಅರ್ಧ ದಾರಿ ತಂದು ನಿಂತು, ಮತ್ತೆ ಮೋಟಾರಿಗೆ ಬಿಟ್ಟುಕೊಟ್ಟಿತು. ಮೋಡದ ನೆರಳಿನ ಕೆಳಗೆ, ಹಸಿರು ನೀರಿನ ಮೇಲೆ, ಯಾರೋ ಮೆಲ್ಲಗೆ ಎಳೆದಂತೆ ಹಡಗು ಸಾಗಿತು. ಮುಂಬಯಿ ತಾನಾಗಿ ನಮ್ಮ ಕಡೆ ಬರುತ್ತಿತ್ತು. ಧಕ್ಕೆಯ ತುದಿಯಲ್ಲಿ ಗಾಳ ಹಾಕಿ ಕೂತಿದ್ದ ಮುದುಕನೊಬ್ಬನಿಗೆ ನಾವು ಹತ್ತು ಮಾರು ಹತ್ತಿರ ಬರುವ ತನಕ ಗೊತ್ತೇ ಆಗಲಿಲ್ಲ. ತಲೆಯೆತ್ತಿ, ಎದುರಿಗೆ ಇಡೀ ಹಡಗನ್ನು ಕಂಡು, ಗಾಳ ಬಿಟ್ಟು ಎದ್ದು ನಿಂತ. ನಾನು ಓಡಿಹೋಗಿ ಏಣಿಯ ಬಾಯಲ್ಲಿ ಬಗ್ಗಿ, ಇದ್ದಬದ್ದ ದನಿಯಲ್ಲೆಲ್ಲ ಕೂಗಿದೆ.

"ಕಾಕಾ, ನೋಡಿದೆನ್ರೀ!"